ಸಿಕ್ಸ್ ಹೊಡೆದರೆ ಪಫ್ಸ್ ಫ್ರೀ ಇಡಬಹುದಾ?

ಪ್ರಶ್ನೆ: ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಬೇಕರಿ ಇದೆ. ಅಪ್ಪನ ಕಾಲದ್ದು. 2027ರ ಅಕ್ಟೋಬರ್-ನವೆಂಬರ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಬರುತ್ತದೆ. ಅಷ್ಟರಲ್ಲಿ ಏನಾದರೂ ಹೊಸದು ಮಾಡಬೇಕು ಅಂತ ಮಗನ ಹಟ. ಭಾರತದವರು ಸಿಕ್ಸ್ ಹೊಡೆದಾಗಲೆಲ್ಲ ಅಂಗಡಿಯಲ್ಲಿ ಇರುವವರಿಗೆ ಒಂದೊಂದು ಪಫ್ಸ್ ಫ್ರೀ, ಗೆದ್ದ ಮರುದಿನ ಕೇಕ್ ಅರ್ಧ ಬೆಲೆ, ತ್ರಿವರ್ಣದ ಕೇಕ್, ಆಟಗಾರರ ಫೋಟೋ ಇರುವ ಫ್ಲೆಕ್ಸ್, ಅಂಗಡಿ ಮುಂದೆ ದೊಡ್ಡ ಪರದೆ. ಇದು ಅವನ ಪಟ್ಟಿ. ನನಗೆ ಖರ್ಚಿನ ಭಯ. ಕಾನೂನಿನ ತೊಂದರೆ ಏನಾದರೂ ಇದೆಯಾ? ನಮ್ಮಂಥ ಸಣ್ಣ ಅಂಗಡಿಗೆ ಇದರಿಂದ ನಿಜಕ್ಕೂ ವ್ಯಾಪಾರ ಆಗುತ್ತಾ?

ಉತ್ತರ: ವ್ಯಾಪಾರ ಆಗುತ್ತದೆ. ಆದರೆ ಈ ಪಟ್ಟಿಯಿಂದ ಅಲ್ಲ. ಮಗನಿಗೆ ಬೇಜಾರಾಗದ ಹಾಗೆ ಹೇಳಿ, ಅವನ ಉತ್ಸಾಹ ನಮಗೆ ಮುಂದೆ ಬೇಕಾಗುತ್ತದೆ.

ಮೊದಲು ಸಿಕ್ಸ್ ಲೆಕ್ಕ. 2023ರ ವಿಶ್ವಕಪ್‌ನಲ್ಲಿ ರೋಹಿತ್ ಶರ್ಮಾ ಒಬ್ಬರೇ 11 ಪಂದ್ಯಗಳಲ್ಲಿ 31 ಸಿಕ್ಸ್ ಹೊಡೆದರು. ಉಳಿದವರದು ಬೇರೆ. ಕಡಿಮೆ ಅಂದ್ರೂ ಪಂದ್ಯಕ್ಕೆ 8 ಸಿಕ್ಸ್ ಹಿಡಿಯಿರಿ. ಪ್ರತಿ ಸಲ ಅಂಗಡಿಯಲ್ಲಿ 20 ಜನ ಇದ್ದಾರೆ ಅನ್ನಿ. ಅಲ್ಲಿಗೆ 160 ಪಫ್ಸ್. ಒಂದಕ್ಕೆ ಅಸಲು 12 ರೂಪಾಯಿ ಅಂದುಕೊಂಡರೆ ಒಂದು ಪಂದ್ಯಕ್ಕೆ 1,920 ರೂಪಾಯಿ, ಹತ್ತು ಪಂದ್ಯಕ್ಕೆ 19,200. ಇಷ್ಟೇ ಆದರೆ ಜಾಹೀರಾತಿನ ಖರ್ಚು ಅಂತ ನುಂಗಿಕೊಳ್ಳಬಹುದಿತ್ತು. ಆದರೆ ಆ 20 ಜನ 20ರಲ್ಲೇ ನಿಲ್ಲುವುದಿಲ್ಲ. ಫ್ರೀ ಅಂತ ಗೊತ್ತಾದ ಮೇಲೆ 60 ಜನ ಬಾಗಿಲಲ್ಲಿ ನಿಂತು ಸಿಕ್ಸ್‌ಗೆ ಕಾಯುತ್ತಾರೆ. ದುಡ್ಡು ಕೊಟ್ಟು ಅರ್ಧ ಕೆಜಿ ಬೆಣ್ಣೆ ಬಿಸ್ಕೆಟ್ ಒಯ್ಯಲು ಬಂದ ಗಿರಾಕಿ ಆ ಗುಂಪು ನೋಡಿ ಹಾಗೇ ಮುಂದೆ ಹೋಗುತ್ತಾರೆ. ನಿಮ್ಮ ನಿಜವಾದ ನಷ್ಟ ಅಲ್ಲಿರುತ್ತದೆ, ಯಾವ ಲೆಕ್ಕದ ಪುಸ್ತಕದಲ್ಲೂ ಅದು ಕಾಣುವುದಿಲ್ಲ.

ಈ ತರಹದ ಆಫರ್‌ನಲ್ಲಿ ಪೆಟ್ಟು ತಿಂದವರು ಸಣ್ಣವರೇನಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಸಮಯದಲ್ಲಿ ಮೆಕ್‌ಡೊನಾಲ್ಡ್ಸ್‌ನವರು ಗಿರಾಕಿಗಳಿಗೆ ಗೀಚುವ ಚೀಟಿ ಕೊಟ್ಟರು. ಚೀಟಿಯಲ್ಲಿ ಒಂದು ಸ್ಪರ್ಧೆಯ ಹೆಸರು. ಆ ಸ್ಪರ್ಧೆಯಲ್ಲಿ ಅಮೆರಿಕಕ್ಕೆ ಚಿನ್ನ ಬಂದರೆ ಬರ್ಗರ್, ಬೆಳ್ಳಿಗೆ ಆಲೂಗಡ್ಡೆ ಫ್ರೈಸ್, ಕಂಚಿಗೆ ಕೋಕ್. 1976ರಲ್ಲಿ ಅಮೆರಿಕ ಗೆದ್ದಿದ್ದು 34 ಚಿನ್ನ, ಒಟ್ಟು 94 ಪದಕ. ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ ಅಂತ ಯಾರಾದರೂ ಅಂದುಕೊಳ್ಳುವಂಥದ್ದೇ. ಆಮೇಲೆ ಸೋವಿಯತ್ ಒಕ್ಕೂಟ ಮತ್ತು ಅದರ ಜೊತೆಗಾರ ದೇಶಗಳು ಆ ಒಲಿಂಪಿಕ್ಸ್‌ಗೇ ಬರುವುದಿಲ್ಲ ಅಂದವು. ಎದುರಾಳಿ ಇಲ್ಲದ ಕಣ. ಅಮೆರಿಕ 83 ಚಿನ್ನ, ಒಟ್ಟು 174 ಪದಕ ಗುಡಿಸಿತು. ಕೆಲವು ಅಂಗಡಿಗಳಲ್ಲಿ ಬರ್ಗರ್ರೇ ಖಾಲಿ. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಚೀನಾದ ಅಡುಗೆಮನೆ ಸಾಮಾನಿನ ಕಂಪನಿ ವಾಟಿ, ಫ್ರಾನ್ಸ್ ಗೆದ್ದರೆ ಹಣ ವಾಪಸ್ ಅಂತ ಹೇಳಿತ್ತು. ಫ್ರಾನ್ಸ್ ಗೆದ್ದೇಬಿಟ್ಟಿತು. ಅಂಥ ದೊಡ್ಡವರಿಗೆ ಹೆಸರು ಬಂತು, ಸುದ್ದಿ ಬಂತು, ನಷ್ಟ ತಡೆದುಕೊಳ್ಳುವ ಶಕ್ತಿಯೂ ಇತ್ತು. ನಿಮ್ಮ ಗಲ್ಲಾಪೆಟ್ಟಿಗೆಗೆ ಅಷ್ಟು ಆಳ ಇಲ್ಲ, ಅಲ್ವಾ?

ಗೆದ್ದ ಮರುದಿನ ಕೇಕ್ ಅರ್ಧ ಬೆಲೆ ಅನ್ನುವುದು ಇದಕ್ಕಿಂತ ಸೂಕ್ಷ್ಮವಾದ ತಪ್ಪು. ಗೆದ್ದ ದಿನ ಜನ ಪೂರ್ತಿ ಬೆಲೆ ಕೊಟ್ಟೇ ಕೇಕ್ ಒಯ್ಯುತ್ತಾರೆ. ಅವರಾಗಿಯೇ ಬರುವ ದಿನ ನೀವ್ಯಾಕೆ ಬೆಲೆ ಇಳಿಸಬೇಕು? ಇಳಿಸುವುದಾದರೆ ಸೋತ ದಿನ ಇಳಿಸಿ. 2023ರ ನವೆಂಬರ್ 19ರ ರಾತ್ರಿ ನೆನಪಿದೆಯಲ್ಲ. ಅಹಮದಾಬಾದ್‌ನಲ್ಲಿ ಆಸ್ಟ್ರೇಲಿಯಾ ಕಪ್ ಎತ್ತಿದ ಮೇಲೆ ಊರಿಗೆ ಊರೇ ಸಪ್ಪಗಾಗಿತ್ತು. ಅಂಥ ದಿನದ ಮರುದಿನ ಬೆಳಿಗ್ಗೆ ಅಂಗಡಿ ಮುಂದೆ 'ಇವತ್ತು ಟೀ ಜೊತೆ ಸಮಾಧಾನದ ರಸ್ಕ್ ಫ್ರೀ' ಅಂತ ಬರೆದಿದ್ದರೆ? ಒಂದು ರಸ್ಕ್‌ಗೆ ಏನು ಮಹಾ ಖರ್ಚು. ಆದರೆ ಓದಿದವರು ನಗುತ್ತಾರೆ, ಫೋಟೋ ತೆಗೆಯುತ್ತಾರೆ, ಪಕ್ಕದ ಆಫೀಸಿನವರಿಗೆ ಹೇಳುತ್ತಾರೆ. ಗೆಲುವಿನ ಜೊತೆ ಎಲ್ಲ ಕಂಪನಿಗಳೂ ನಿಲ್ಲುತ್ತವೆ. ಸೋಲಿನ ಮರುದಿನ ಆ ಜಾಗ ಪೂರ್ತಿ ಖಾಲಿ ಇರುತ್ತದೆ.

ಇದನ್ನು ಕಲಿತಿದ್ದು ನಾನೇ ಕೈಸುಟ್ಟುಕೊಂಡು. 2019ರ ವಿಶ್ವಕಪ್ ಸೆಮಿಫೈನಲ್‌ಗೆ, ಜುಲೈ 9ರಂದು, ಚಿಕ್ಕಮಗಳೂರಿನ ಒಬ್ಬ ಬೇಕರಿಯವರಿಗೆ ನೀಲಿ ಕ್ರೀಮಿನ ಸಣ್ಣ ಕೇಕ್ ಮಾಡಿಸಲು ಹೇಳಿದ್ದೆ. ನ್ಯೂಜಿಲೆಂಡ್ ತಾನೇ, ಗೆದ್ದೇ ಗೆಲ್ಲುತ್ತೇವೆ ಅನ್ನುವ ಹುಂಬತನ. ನ್ಯೂಜಿಲೆಂಡ್ 46.1 ಓವರ್ ಆಡಿದ್ದಾಗ ಮ್ಯಾಂಚೆಸ್ಟರ್‌ನಲ್ಲಿ ಮಳೆ ಶುರುವಾಯಿತು. ನಿಲ್ಲಲೇ ಇಲ್ಲ. ಪಂದ್ಯ ಮರುದಿನಕ್ಕೆ ಹೋಯಿತು. ಕೇಕ್ ಮರುದಿನಕ್ಕೆ ಹೋಗಲಿಲ್ಲ! ಜುಲೈ 10ಕ್ಕೆ ಮತ್ತೆ ಹೊಸದಾಗಿ ಮಾಡಿಸಿದೆವು. ರೋಹಿತ್, ರಾಹುಲ್, ಕೊಹ್ಲಿ ಮೂವರೂ ಒಂದೊಂದು ರನ್‌ಗೆ ಔಟ್. ಆಮೇಲೆ ಕೇಕ್ ಯಾರಿಗೆ ಬೇಕು? ಆ ಬೇಕರಿಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಯಾರು ಗೆಲ್ಲುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಜನರಿಗೆ ಯಾವ ಹೊತ್ತಿಗೆ ಹಸಿವಾಗುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಓವನ್ ಯಾವಾಗ ಹಚ್ಚಬೇಕು ಅನ್ನುವುದಂತೂ ಪೂರ್ತಿ ನಮ್ಮ ಕೈಯಲ್ಲಿದೆ.

2027ರ ಟೂರ್ನಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾದಲ್ಲಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 10ಕ್ಕೆ ಪಂದ್ಯ ಶುರುವಾದರೆ ನಮಗೆ ಮಧ್ಯಾಹ್ನ 1.30. ದಕ್ಷಿಣ ಆಫ್ರಿಕಾದಲ್ಲೇ ನಡೆದ 2003ರ ಫೈನಲ್ ಹಾಗೇ ಇತ್ತು. ಜಾವಗಲ್ ಶ್ರೀನಾಥ್ ಅವರ ಕೊನೆಯ ಏಕದಿನ ಪಂದ್ಯ ಅದು. ಒಂದು ಇನಿಂಗ್ಸ್ ಅಂದರೆ ಮೂರೂವರೆ ಗಂಟೆ. ಅಲ್ಲಿಗೆ ಇನಿಂಗ್ಸ್ ಬ್ರೇಕ್ ಸುಮಾರು 5 ಗಂಟೆಗೆ ಬಂದು ಬೀಳುತ್ತದೆ. ಸಂಜೆ ಐದು ಗಂಟೆ! ಬೇಕರಿಯವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಅಂಥ ದಿನ 4.40ಕ್ಕೆ ಪಫ್ಸ್, ಆಲೂ ಬನ್ ಟ್ರೇ ಹೊರಗೆ ಬರಬೇಕು. ಬ್ರೇಕ್ ಇರುವುದು ಅರ್ಧದಿಂದ ಮುಕ್ಕಾಲು ಗಂಟೆ. ಜನ ಗೇಟು ದಾಟಿ ಬಂದು, ಕೊಂಡು, ವಾಪಸ್ ಟಿವಿ ಮುಂದೆ ಕೂರಬೇಕು. ಆಗ ಚಿಲ್ಲರೆ ಹುಡುಕುತ್ತಾ, ಒಂದೊಂದೇ ಪಫ್ಸ್ ಪೇಪರಲ್ಲಿ ಸುತ್ತುತ್ತಾ ಕೂತರೆ ಕೆಲಸ ಕೆಟ್ಟಿತು. ಮೊದಲೇ ಕಟ್ಟಿಟ್ಟ ಪೊಟ್ಟಣ ಬೇಕು. ನಾಲ್ಕು ಪಫ್ಸ್, ಒಂದು ಪಾಕೀಟು ಕಾಂಗ್ರೆಸ್ ಕಡಲೆಬೀಜ, ಸ್ವಲ್ಪ ಖಾರ ಬಿಸ್ಕೆಟ್, ಎಲ್ಲ ಸೇರಿ ರೌಂಡ್ ಆದ ಒಂದೇ ಬೆಲೆ. ಹೆಸರು 'ಬ್ರೇಕ್ ಪೊಟ್ಟಣ' ಅಂತಲೇ ಇಡಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೇಳಿದವರಿಗೆ ಹೆಸರು ಬರೆದು ತೆಗೆದಿಡಿ.

ಅಲ್ಲಿ ಮಧ್ಯಾಹ್ನ 2ಕ್ಕೆ ಶುರುವಾಗುವ ಹಗಲು-ರಾತ್ರಿ ಪಂದ್ಯ ಆದರೆ ಕಥೆ ಬೇರೆ. ನಮಗೆ 5.30ಕ್ಕೆ ಶುರು, ಬ್ರೇಕ್ 9ಕ್ಕೆ. ಊಟದ ಹೊತ್ತು ಅದು, ಪಫ್ಸ್ ಯಾರೂ ಕೇಳುವುದಿಲ್ಲ. ಅಂಥ ದಿನ ನಿಮ್ಮ ವ್ಯಾಪಾರ 5ಕ್ಕೆ ಮುಂಚೆ, ಆಫೀಸ್ ಬಿಟ್ಟು ಮನೆಗೆ ಓಡುವವರ ಕೈಯಲ್ಲಿ ಆಗಬೇಕು. ರಾತ್ರಿ ತನಕ ಮೆಲ್ಲುವಂಥ ಒಣ ಸಾಮಾನು. ವೇಳಾಪಟ್ಟಿ ಬಂದ ದಿನ ಭಾರತದ ಪಂದ್ಯಗಳ ಹೊತ್ತನ್ನು ನಮ್ಮ ಗಡಿಯಾರಕ್ಕೆ ಬದಲಿಸಿ, ಓವನ್ ಪಕ್ಕದ ಗೋಡೆಗೆ ಅಂಟಿಸಿ. ಸುಮ್ನೆ ಒಂದು ಹಾಳೆ. ಇಷ್ಟು ಮಾಡುವ ಅಂಗಡಿಗಳನ್ನು ನಾನು ಬೆರಳಲ್ಲಿ ಎಣಿಸುವಷ್ಟೂ ನೋಡಿಲ್ಲ.

ಇನ್ನು ಹಾಸನದವರಿಗೆ ಮಾತ್ರ ಇರುವ ಒಂದು ಲಾಭ. ಆ ವರ್ಷ ದೀಪಾವಳಿ ಅಕ್ಟೋಬರ್ ಕೊನೆಗೆ ಬರುತ್ತದೆ. ಅಂದರೆ ಟೂರ್ನಿಯ ನಡುವೆಯೇ ಹಾಸನಾಂಬೆ ಗುಡಿ ಬಾಗಿಲು ತೆರೆದಿರುತ್ತದೆ. ಆಶ್ವಯುಜ ಹುಣ್ಣಿಮೆ ಆದ ಮೊದಲ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವ ತನಕ ಊರಿಗೆ ಎಷ್ಟು ಜನ ಬರುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2023ರಲ್ಲೂ ಹೀಗೇ ಆಗಿತ್ತು. ನವೆಂಬರ್ 12, ದೀಪಾವಳಿ ಭಾನುವಾರ, ಚಿನ್ನಸ್ವಾಮಿಯಲ್ಲಿ ಭಾರತ-ನೆದರ್ಲೆಂಡ್ಸ್ ಪಂದ್ಯ. ನಮ್ಮ ಕೆ.ಎಲ್. ರಾಹುಲ್ 62 ಎಸೆತಕ್ಕೆ ಶತಕ ಹೊಡೆದರು. ಇತ್ತ ಜಾತ್ರೆಯ ಸಾಲು ತುಂಬಿತ್ತು. ಆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರ ಕೈಯಲ್ಲಿ ಮೊಬೈಲ್, ಮೊಬೈಲಲ್ಲಿ ಸ್ಕೋರು.

ಈ ಗಿರಾಕಿ ನಿಮ್ಮ ಮಾಮೂಲಿ ಗಿರಾಕಿ ಅಲ್ಲ. ಇವರಿಗೆ ಟಿವಿ ಇಲ್ಲ, ಕೂರುವ ಜಾಗ ಇಲ್ಲ, ಕೈ ತೊಳೆಯಲು ನೀರಿಲ್ಲ. ಕ್ರೀಮ್ ಕೇಕ್ ಇವರಿಗೆ ಮಾರಲು ಹೋಗಬೇಡಿ. ದೇವಿಯ ಗುಡಿಯಲ್ಲಿ ವರ್ಷ ಕಳೆದರೂ ಹೂವು ಬಾಡುವುದಿಲ್ಲ, ದೀಪ ಆರುವುದಿಲ್ಲ ಎನ್ನುವುದು ನಂಬಿಕೆ. ನಿಮ್ಮ ಕ್ರೀಮಿಗೆ ಆ ಭಾಗ್ಯ ಇಲ್ಲ. ಖಾರ ಬನ್, ರಸ್ಕ್, ಬೆಣ್ಣೆ ಬಿಸ್ಕೆಟ್, ನೀರಿನ ಬಾಟಲಿ ಸಾಕು. ಮೊಟ್ಟೆ ಹಾಕಿದ್ದು, ಹಾಕದ್ದು ಬೇರೆ ಬೇರೆ ಇಟ್ಟು ದೊಡ್ಡದಾಗಿ ಬರೆಯಿರಿ. ದರ್ಶನಕ್ಕೆ ಬಂದವರು ಅದನ್ನು ಕೇಳಿಯೇ ಕೇಳುತ್ತಾರೆ.

ಇಲ್ಲಿಗೆ ನಿಮ್ಮ ಮಗನ ಪರದೆಗೆ ಬದಲು ನನ್ನದೊಂದು ಹಳೇ ಕಾಲದ ಸಲಹೆ. ಒಂದು ಕರಿ ಹಲಗೆ ತನ್ನಿ. ರೇಡಿಯೋ ಕಾಲದಲ್ಲಿ ಅಂಗಡಿಗಳ ಮುಂದೆ ಸೀಮೆಸುಣ್ಣದಲ್ಲಿ ಸ್ಕೋರು ಬರೆದಿಡುತ್ತಿದ್ದರಲ್ಲ, ನಿಮ್ಮ ತಂದೆಯವರಿಗೆ ಖಂಡಿತ ನೆನಪಿರುತ್ತದೆ. ಐದೈದು ಓವರ್‌ಗೊಮ್ಮೆ ಸ್ಕೋರು ಬರೆಯಿರಿ. ಕೆಳಗೆ ಒಂದೇ ಸಾಲು: 'ಮುಂದಿನ ಬಿಸಿ ಟ್ರೇ 4.40ಕ್ಕೆ'. ಎಲ್ಲರ ಹತ್ತಿರ ಫೋನಿರುವಾಗ ಇದ್ಯಾಕೆ ಅಂತ ಮಗ ಕೇಳುತ್ತಾನೆ. ಬಸ್ಸಿನ ಕಿಟಕಿಯಿಂದ ನೋಡುವವರು, ಚಾರ್ಜ್ ಮುಗಿದವರು, ಕೈಯಲ್ಲಿ ಚೀಲ ಹಿಡಿದು ಓಡುವವರು ಎಲ್ಲರೂ ಒಂದು ಕ್ಷಣ ನಿಂತು ನೋಡುತ್ತಾರೆ. ಆ ಒಂದು ಕ್ಷಣ ಸಾಕು, ಬಿಸಿ ಪಫ್ಸ್ ವಾಸನೆ ಉಳಿದ ಕೆಲಸ ಮಾಡುತ್ತದೆ.

ಪರದೆ ಬೇಡ ಅಂದಿದ್ದು ಖರ್ಚಿಗಾಗಿ ಮಾತ್ರ ಅಲ್ಲ. ದುಡ್ಡು ತೆಗೆದುಕೊಂಡು ಸಾರ್ವಜನಿಕರಿಗೆ ಪ್ರಸಾರ ತೋರಿಸುವುದು ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮಿನಡಿ ಪ್ರಸಾರಕರ ಹಕ್ಕಿಗೆ ಧಕ್ಕೆ. ಫ್ರೀ ತೋರಿಸಿದರೂ ರಸ್ತೆಯಲ್ಲಿ ಸೇರುವ ಗುಂಪಿನ ಜವಾಬ್ದಾರಿ ನಿಮ್ಮ ತಲೆಗೇ ಬರುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ 11 ಜೀವ ಹೋದ ಮೇಲೆ ನಾನು ಯಾವ ಅಂಗಡಿಗೂ ಗುಂಪು ಸೇರಿಸುವ ಐಡಿಯಾ ಕೊಡುವುದಿಲ್ಲ. ಅದೂ ಬಸ್ ಸ್ಟ್ಯಾಂಡ್ ಪಕ್ಕ.

ಫ್ಲೆಕ್ಸ್ ಮೇಲೆ ಆಟಗಾರರ ಫೋಟೋ ಖಂಡಿತ ಬೇಡ. ಊರಲ್ಲಿ ಎಲ್ಲರೂ ಹಾಕುತ್ತಾರೆ, ಯಾರು ಕೇಳುತ್ತಾರೆ ಅನ್ನಬಹುದು. 2012ರಲ್ಲಿ ದೆಹಲಿ ಹೈಕೋರ್ಟ್‌ಗೆ ಹೋದ ಒಂದು ಪ್ರಕರಣ ಇತ್ತು. ಉತ್ತರ ಪ್ರದೇಶದ ಮುಜಫ್ಫರ್‌ನಗರದ ಒಂದು ಒಡವೆ ಅಂಗಡಿ, ಅಮಿತಾಭ್ ಮತ್ತು ಜಯಾ ಬಚ್ಚನ್ ಇರುವ ಟೈಟನ್ ಕಂಪನಿಯ ಜಾಹೀರಾತಿನಂಥದ್ದೇ ಹೋರ್ಡಿಂಗ್ ಹಾಕಿತ್ತು. ಕೋರ್ಟು ತಡೆಯಿತು. ಹೆಸರಾಂತರ ಮುಖವನ್ನು ಅವರನ್ನು ಕೇಳದೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ ಅಂತ ತೀರ್ಪಾಯಿತು. ಮುಜಫ್ಫರ್‌ನಗರವೂ ನಮ್ಮ ಹಾಸನದ ಹಾಗೆ ಜಿಲ್ಲಾ ಕೇಂದ್ರವೇ. ಸಣ್ಣ ಊರು ಅಂತ ಯಾರೂ ಬಿಡುವುದಿಲ್ಲ. ಫ್ಲೆಕ್ಸ್‌ಗೆ ನಗರಾಡಳಿತದ ಅನುಮತಿ ಬೇರೆ ಬೇಕು.

ಟೂರ್ನಿಯ ಲೋಗೋ, ಕಪ್ಪಿನ ಚಿತ್ರ, 'ಅಧಿಕೃತ' ಅನ್ನುವ ಮಾತು ಇವನ್ನೂ ಮುಟ್ಟಬೇಡಿ. 2003ರಲ್ಲಿ ಫಿಲಿಪ್ಸ್ ಸೆಟ್ ಕೊಂಡವರಿಗೆ ವಿಶ್ವಕಪ್ ಟಿಕೆಟ್ ಅನ್ನುವ ಜಾಹೀರಾತಿನ ಮೇಲೆ ಟೂರ್ನಿ ನಡೆಸುವ ಐಸಿಸಿ ಕೇಸು ಹಾಕಿದಾಗ, ದೆಹಲಿ ಹೈಕೋರ್ಟ್ ಅದನ್ನು ತಡೆಯಲು ಒಪ್ಪಲಿಲ್ಲ ನಿಜ. ಆದರೆ ಫಿಲಿಪ್ಸ್‌ಗೆ ವಕೀಲರಿದ್ದರು. ನಿಮಗೆ 'ವಿಶ್ವಕಪ್' ಅನ್ನುವ ಪದವೇ ಬೇಕಿಲ್ಲ. 'ಮ್ಯಾಚ್ ದಿನ' ಅಂದರೆ ಹಾಸನದಲ್ಲಿ ಯಾರಿಗೆ ಅರ್ಥ ಆಗುವುದಿಲ್ಲ? 1996ರಲ್ಲಿ ಕೋಕ್ ಅಧಿಕೃತ ಪಾನೀಯ ಆಗಿದ್ದಾಗ ಪೆಪ್ಸಿಯವರು 'ಇದರಲ್ಲಿ ಅಧಿಕೃತ ಅನ್ನುವುದು ಏನೂ ಇಲ್ಲ' ಅಂತ ಜಾಹೀರಾತು ಮಾಡಿ ಅಧಿಕೃತರಿಗಿಂತ ಜಾಸ್ತಿ ಮಾತಾಗಿದ್ದರು. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲೇ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಕುಲುಲಾ ಅನ್ನುವ ಸಣ್ಣ ವಿಮಾನ ಕಂಪನಿ ತನ್ನನ್ನು 'ಅದೇ, ನಿಮಗೆ ಗೊತ್ತಲ್ಲ, ಅದರ ಅನಧಿಕೃತ ವಿಮಾನ' ಅಂತ ಕರೆದುಕೊಂಡಿತು. ಫಿಫಾ ಆಕ್ಷೇಪಣೆ ಕಳಿಸಿದ ಮೇಲೆ ಅದರ ಹೆಸರು ಇನ್ನಷ್ಟು ಹರಡಿತು. ಅಂಥ ತುಂಟತನ ಕನ್ನಡದಲ್ಲಿ ನಮಗೆ ಬರುವುದಿಲ್ಲವೇ? ಮಗನನ್ನು ಅದಕ್ಕೆ ಹಚ್ಚಿ.

ತ್ರಿವರ್ಣದ ಕೇಕ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2013ರ ಕ್ರಿಸ್‌ಮಸ್‌ಗೆ ಕೊಯಮತ್ತೂರಿನ ಒಂದು ಕಾರ್ಯಕ್ರಮದಲ್ಲಿ ಆರು ಅಡಿಗೆ ಐದು ಅಡಿಯ ಕೇಕ್ ಕತ್ತರಿಸಿದರು. ಅದರ ಮೇಲೆ ತ್ರಿವರ್ಣದ ಭಾರತದ ನಕ್ಷೆ, ನಡುವೆ ಅಶೋಕ ಚಕ್ರ. ರಾಷ್ಟ್ರಧ್ವಜಕ್ಕೆ ಅವಮಾನ ಅಂತ ದೂರು ಹೋಯಿತು. ಅದು ಅವಮಾನ ಅಲ್ಲ ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದು 2021ರ ಮಾರ್ಚ್‌ನಲ್ಲಿ. ಅಂದರೆ ಏಳು ವರ್ಷ ದಾಟಿತ್ತು. ಧ್ವಜವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ತಡೆಯೂ ಇದೆ. ಒಂದು ಕೇಕಿಗೋಸ್ಕರ ಇಷ್ಟು ತಲೆನೋವು ಯಾಕೆ.

ನೀಲಿ ಕೇಕ್ ಮಾಡ್ತೀನಿ ಅಂತ ಮಗ ಮುಂದೆ ಬರುತ್ತಾನೆ, ನೋಡ್ತಾ ಇರಿ. ಬಣ್ಣ ಅಳತೆ ಮೀರಬಾರದು. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕೇಕ್‌ಗಳ 235 ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣದ ತೊಂದರೆ ಸಿಕ್ಕಿತ್ತು. ಆಮೇಲೆ ತಾಯಂದಿರು ಬಣ್ಣದ ಕೇಕ್ ನೋಡಿದರೆ ಎರಡು ಸಲ ಯೋಚಿಸುತ್ತಾರೆ. ನೀಲಿ ಬೇಕೇ ಬೇಕು ಅಂದರೆ ಪೊಟ್ಟಣಕ್ಕೆ ನೀಲಿ ದಾರ ಕಟ್ಟಿ, ಸಾಕು. ಸ್ಕೋರು ಊಹಿಸಿ ಬಹುಮಾನ ಗೆಲ್ಲಿ ಅನ್ನುವ ಆಟವೂ ಬೇಡ. ಮಾರಾಟ ಹೆಚ್ಚಿಸಲು ಇಂಥ ಸ್ಪರ್ಧೆ, ಲಾಟರಿ ನಡೆಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರದ ಪಟ್ಟಿಯಲ್ಲಿ ಸೇರಿಸಿದೆ.

ಹಾಗಾದರೆ ಹೊಸದು ಏನು ಅಂತ ಕೇಳುತ್ತೀರಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹುಡುಕಿದರೆ ನಮ್ಮ ಜಿಲ್ಲೆಗೇ ಬಂದು ನಿಲ್ಲುತ್ತದೆ. ಅಂಥ ಊರಿನವರು ಹೊಸ ರುಚಿಗೆ ಹೊರಗೆ ನೋಡಬೇಕಾಗಿಲ್ಲ. ನನ್ನ ಕಡೆಯಿಂದ ಒಂದು: ಗೂಗ್ಲಿ ಬನ್. ಗೂಗ್ಲಿ ಅಂದರೆ ಒಂದು ಕಡೆ ತಿರುಗುವ ಹಾಗೆ ತೋರಿಸಿ ಇನ್ನೊಂದು ಕಡೆ ತಿರುಗುವ ಎಸೆತ. ಹೊರಗೆ ಎಲ್ಲ ಒಂದೇ ತರಹ. ಒಳಗೆ ಕೆಲವಕ್ಕೆ ಆಲೂಗಡ್ಡೆ ಪಲ್ಯ, ಕೆಲವಕ್ಕೆ ದಿಲ್ ಪಸಂದ್‌ನ ಸಿಹಿ ಕೊಬ್ಬರಿ ಹೂರಣ. ಕಚ್ಚುವ ತನಕ ಗೊತ್ತಾಗುವುದಿಲ್ಲ. ಹಾಸನದ ಆಲೂಗಡ್ಡೆ, ಅರಸೀಕೆರೆಯ ಕೊಬ್ಬರಿ, ಎರಡೂ ಮನೆ ಬಾಗಿಲಲ್ಲೇ ಇದೆ. ಹೊಸ ಅಚ್ಚು ಬೇಡ, ಹೊಸ ಕೈ ಬೇಡ, ಬೆಲೆಯೂ ಆಲೂ ಬನ್ನಿನದೇ. ನಾಲ್ಕು ಜನ ಸ್ನೇಹಿತರು ಒಟ್ಟಿಗೆ ಕಚ್ಚಿ ಯಾರಿಗೆ ಏನು ಬಂತು ಅಂತ ಗಲಾಟೆ ಮಾಡುತ್ತಾರಲ್ಲ, ನಿಮ್ಮ ಮಗ ರೀಲ್ಸ್ ಮಾಡಬೇಕಾಗಿದ್ದು ಅದನ್ನು. ಆಟಗಾರರ ಫೋಟೋಗಿಂತ ಊರಿನವರ ಮುಖ ನೋಡಲು ಊರಿನವರಿಗೆ ಖುಷಿ ಜಾಸ್ತಿ. ಒಬ್ಬೊಬ್ಬರನ್ನೂ ಕೇಳಿ ಒಪ್ಪಿಗೆ ತೆಗೆದುಕೊಂಡೇ ಹಾಕಲಿ.

ಸಕ್ಕರೆ ಕಾಯಿಲೆ ಇರುವವರಿಗೆ ಗೂಗ್ಲಿ ಆಗುವುದಿಲ್ಲ. ಕೇಳಿದವರಿಗೆ ಯಾವುದು ಖಾರ ಅಂತ ಹೇಳಿ ಕೊಡಿ. ತಳದಲ್ಲಿ ಒಂದು ಸಣ್ಣ ಗುರುತು ಮಾಡಿಟ್ಟುಕೊಂಡರೆ ನಿಮಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ, ಯಾರೂ ಕೇಳದಿದ್ದರೂ ನಾನು ಹೇಳುತ್ತಾ ಬರುತ್ತಿದ್ದೇನೆ. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಆವತ್ತು ನಾನು ಹೋದ ಪೇಟೆಯಲ್ಲಿ ಒಂದು ಅಂಗಡಿಯ ಮುಂದೂ ಅದರ ಸುಳಿವಿರಲಿಲ್ಲ. ನಮ್ಮ ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲ್ ಆಡಿದವರು. ಆ ಫೈನಲ್‌ಗೆ ತಲುಪುವ ದಾರಿಯಲ್ಲಿ ನ್ಯೂಜಿಲೆಂಡ್ ಮೇಲೆ 45 ಎಸೆತಕ್ಕೆ 70 ಹೊಡೆದವರು. ಸಂಜೆ ಹೊತ್ತು ನಿಮ್ಮ ಬೇಕರಿಗೆ ಬರುವವರಲ್ಲಿ ಹೆಂಗಸರು, ಕಾಲೇಜು ಹುಡುಗಿಯರು ಎಷ್ಟು ಜನ ಅಂತ ಒಂದು ವಾರ ಎಣಿಸಿ ನೋಡಿ. ಕರಿ ಹಲಗೆಯಲ್ಲಿ ಮಹಿಳೆಯರ ಪಂದ್ಯದ ಸ್ಕೋರು ಬರೆಯುವ ಮೊದಲ ಅಂಗಡಿ ನಿಮ್ಮದೇ ಆಗಬಹುದು.

2027ರ ತನಕ ಕಾಯಬೇಡಿ. ಭಾರತದ ಯಾವುದಾದರೂ ಸಣ್ಣ ಸರಣಿಯ ಒಂದು ಪಂದ್ಯಕ್ಕೆ ಹಲಗೆ ಇಟ್ಟು, 20 ಬ್ರೇಕ್ ಪೊಟ್ಟಣ, 30 ಗೂಗ್ಲಿ ಬನ್ ಮಾಡಿ ನೋಡಿ. ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಮಗ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಉಳಿದದ್ದು ಐದಕ್ಕಿಂತ ಜಾಸ್ತಿ ಆದರೆ ಮುಂದಿನ ಸಲ ಕಡಿಮೆ ಮಾಡಿ. ಹೂರಣದಲ್ಲಿ ಯಾವುದನ್ನು ಜನ ಮತ್ತೆ ಕೇಳಿಕೊಂಡು ಬಂದರು ಅಂತ ನನಗೂ ಬರೆಯಿರಿ. ನನ್ನ ಪಂದ್ಯ ಆಲೂಗಡ್ಡೆ ಮೇಲೆ.